ಸೊಪ್ಪಿನ ಬೆಟ್ಟದ ಇಂಗಾಲ ಅಳೆದ ಬಗೆ

ನಮ್ಮದು ಶಿರಸಿ ತಾಲೂಕಿನ ಘಟ್ಟದಂಚಿನ ಒಂದು ಚಿಕ್ಕ ಊರು. ಕುಮಟಾದ ಹಳಕಾರಿನಂತೆ ಬ್ರಿಟಿಷರ ಕಾಲದಿಂದಲೇ ಊರವರು ಕಾಡು ನೋಡಿಕೊಂಡು ಬಂದ ಹಿರಿಮೆ ನಮಗಿಲ್ಲ. 1993ರ ಸರ್ಕಾರಿ ಆದೇಶದ ನಂತರ ಹುಟ್ಟಿದ ಗ್ರಾಮ ಅರಣ್ಯ ಸಮಿತಿ ನಮ್ಮದು. ಅದರ ಕಾಡಿನಲ್ಲಿಯೂ ಅದಕ್ಕೆ ತಾಗಿಕೊಂಡಿರುವ, ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟದಲ್ಲಿಯೂ ಎಷ್ಟು ಇಂಗಾಲ ನಿಂತಿದೆ ಎಂದು ನಾವೇ ಅಳೆದು ನೋಡಿದೆವು.

ಮಳೆ ಮುಗಿದು ಉಂಬಳದ (ಜಿಗಣೆಯ) ಕಾಟ ತಗ್ಗಿದ ಮೇಲೆ, ಆದರೆ ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸುವ ಮೊದಲು, ಕೆಲಸ ಹಿಡಿದೆವು. ಗುಡಿಸಿದ ನೆಲದಲ್ಲಿ ಒಂದು ಮೀಟರ್ ಚೌಕ ಹಾಕಿ ತರಗೆಲೆ ತೂಗಿದರೆ, ಸಿಗುವುದು ಕಾಡಿನ ಲೆಕ್ಕವಲ್ಲ, ನಮ್ಮ ಕೊಟ್ಟಿಗೆಗೆ ಹೋಗದೆ ಉಳಿದದ್ದರ ಲೆಕ್ಕ. ಮಾದರಿ ತಾಕು ಒಂದೊಂದೂ 31.62 ಮೀಟರ್ ಬದಿಯ ಚೌಕ, ಅಂದರೆ ಹೆಕ್ಟೇರಿನ ಹತ್ತನೆಯ ಒಂದು ಭಾಗ. ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ಒರಗಿಸಿ ಎಳೆದರೆ ತಾಕು ಕುಗ್ಗುತ್ತದೆ: 30 ಡಿಗ್ರಿ ಇಳಿಜಾರಿನಲ್ಲಿ ಮಟ್ಟಸ 10 ಮೀಟರ್ ಸಿಗಬೇಕಾದರೆ ನೆಲದ ಮೇಲೆ 11.55 ಮೀಟರ್ ಹೋಗಬೇಕು. ಮೊದಲ ಎರಡು ತಾಕುಗಳನ್ನು ಇದು ತಿಳಿಯದೆ ಹಾಕಿ, ಮತ್ತೆ ಕಿತ್ತು ಹಾಕಿದೆವು.

ಮರದ ಮೇಲ್ಬದಿಯ ನೆಲದಲ್ಲಿ 1.37 ಮೀಟರಿನ ಕೋಲು ನಿಲ್ಲಿಸಿ, ಬಳ್ಳಿಯಿದ್ದರೆ ಅದರ ಅಡಿಯಿಂದ ಟೇಪು ತೂರಿಸಿ, ಸುತ್ತಳತೆ ತೆಗೆದು, ಅದೇ ಜಾಗದಲ್ಲಿ ಕೆಂಪು ಪಟ್ಟೆ ಬಳಿದೆವು. ತೂಕಕ್ಕೆ ಶಾವ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸೂತ್ರವನ್ನು ಬಳಸಿದೆವು. ಅದಕ್ಕೆ ವ್ಯಾಸ, ಎತ್ತರ ಮತ್ತು ಕಟ್ಟಿಗೆಯ ಸಾಂದ್ರತೆ ಬೇಕು. 120 ಸೆಂಟಿಮೀಟರ್ ಸುತ್ತಳತೆಯ, 20 ಮೀಟರ್ ಎತ್ತರದ ಜಂಬೆ ಮರಕ್ಕೆ ಸಾಂದ್ರತೆ 0.8 ಎಂದು ಹಿಡಿದರೆ ನೆಲದ ಮೇಲಿನ ಒಣತೂಕ ಸುಮಾರು 1,230 ಕಿಲೋ ಬರುತ್ತದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ (ಐಪಿಸಿಸಿ) ಹೇಳುವಂತೆ ಅದನ್ನು 0.47ರಿಂದ ಗುಣಿಸಿದರೆ ಇಂಗಾಲ 580 ಕಿಲೋ. ಅದನ್ನು ಮತ್ತೆ 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ 2,100 ಕಿಲೋದ ಮೇಲೆ. ಆದರೆ ಮೊದಲ ದಿನ ನನ್ನ ಲೆಕ್ಕದಲ್ಲಿ ಈ ಗಾತ್ರದ ಜಂಬೆಯೊಂದು ಹನ್ನೊಂದೂವರೆ ಟನ್ ತೂಗಿತು! ಸುತ್ತಳತೆಯನ್ನು 3.14ರಿಂದ ಭಾಗಿಸದೆ ವ್ಯಾಸದ ಕಲಮಿನಲ್ಲಿ ಬರೆದವನು ನಾನೇ. ಎತ್ತರದ ತಪ್ಪು ಇಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ದಟ್ಟ ಕಾಡಿನಲ್ಲಿ ಪಕ್ಕದ ಮರದ ತುದಿಯನ್ನು ಇದರದೆಂದು ತಿಳಿದು 20ರ ಬದಲು 25 ಎಂದು ಬರೆದರೂ 300 ಕಿಲೋ ಸುಮ್ಮನೆ ಸೇರಿಬಿಡುತ್ತದೆ.

ನಿಜವಾದ ತೊಡಕು ಎದುರಾದದ್ದು ಸೊಪ್ಪಿನ ಬೆಟ್ಟದಲ್ಲಿ. ಒಂದು ದೊಡ್ಡ ಮತ್ತಿಮರಕ್ಕೆ ಟೇಪು ಸುತ್ತುತ್ತಿದ್ದಾಗ ಜೊತೆಗಿದ್ದ ಹಿರಿಯರು, "ತಮಾ, ಇದರ ಸೊಪ್ಪನ್ನು ನಮ್ಮ ತೋಟಕ್ಕೆ ನಾನೇ ಎಷ್ಟು ಸಲ ಕಡಿದಿದ್ದೇನೋ ಲೆಕ್ಕವಿಲ್ಲ. ಟೊಂಗೆಯೇ ಇಲ್ಲದ ಮರಕ್ಕೆ ಟೊಂಗೆಯ ತೂಕವನ್ನೂ ಬರೆದುಕೊಳ್ಳುತ್ತೀಯಾ?" ಎಂದು ಕೇಳಿದರು. ಅವರ ಮಾತು ಸರಿಯಾಗಿತ್ತು. ಆ ಸೂತ್ರ 58 ಕಡೆಗಳಲ್ಲಿ ಕಡಿದು ತೂಗಿದ 4,004 ಮರಗಳಿಂದ ಬಂದದ್ದು. ಅದು ಸಹಜವಾಗಿ ಹರಡಿದ ತಲೆಯನ್ನು ನಂಬಿಕೊಂಡು ತೂಕ ಹೇಳುತ್ತದೆ. ಅಡಿಕೆ ತೋಟಕ್ಕೆ ಗೊಬ್ಬರವಾಗಲೆಂದು ತಲೆಮಾರುಗಳಿಂದ ಸೊಪ್ಪು ಕೊಟ್ಟ ಮರದ ಬುಡ ದಪ್ಪವಿದ್ದರೂ ಮೇಲೆ ಗಂಟುಗಂಟಾದ ಬೋಳು ಕೈಗಳಷ್ಟೇ ಇರುತ್ತವೆ. ಅಂಥ ಕೆಲವು ಮರಗಳಿಗೆ ಏಣಿ ಹಾಕಿ, ಎರಡೆರಡು ಮೀಟರಿಗೊಮ್ಮೆ ಸುತ್ತಳತೆ ತೆಗೆದು, ಕಾಂಡದ ಗಾತ್ರವನ್ನು ಸಾಂದ್ರತೆಯಿಂದ ಗುಣಿಸಿ, ಉಳಿದ ಟೊಂಗೆಗಳ ಅಳತೆ ಸೇರಿಸಿ ನೋಡಿದೆವು. ಪ್ರತಿಯೊಂದರಲ್ಲಿಯೂ ಸೂತ್ರದ ತೂಕವೇ ಹೆಚ್ಚಾಗಿತ್ತು. ಹಾಗಾಗಿ ಬೆಟ್ಟದ ಮೊತ್ತವನ್ನು ಕಾಡಿನ ಮೊತ್ತದೊಂದಿಗೆ ಕೂಡಿಸಲಿಲ್ಲ. ಕೂಡಿಸಿದ್ದರೆ ವರದಿಯ ಅಂಕಿ ದೊಡ್ಡದಾಗಿ ಕಾಣುತ್ತಿತ್ತು, ಸಮಿತಿಯಲ್ಲಿ ಕೆಲವರಿಗೆ ಅದೇ ಬೇಕಿತ್ತು ಕೂಡ.

ತಾಳೆಯ ಜಾತಿಯ ಬಗನಿ ಮತ್ತು ಬಿದಿರಿಗೆ ಈ ಸೂತ್ರ ಹೊಂದುವುದಿಲ್ಲವಾದ್ದರಿಂದ ಅವುಗಳನ್ನು ಎಣಿಸಿ ಬೇರೆ ಬರೆದಿಟ್ಟೆವು. ಮಣ್ಣನ್ನು 30 ಸೆಂಟಿಮೀಟರ್ ಆಳದವರೆಗೆ ತೆಗೆದು ಪ್ರಯೋಗಾಲಯಕ್ಕೆ ಕೊಟ್ಟೆವು.

ಐದು ವರ್ಷದ ನಂತರ ಅದೇ ಕೆಂಪು ಪಟ್ಟೆಯ ಮೇಲೆ ಮತ್ತೆ ಟೇಪು ಕೂರಬೇಕು. ನಾಲ್ಕು ಬೆರಳು ಕೆಳಗೆ ಜಾರಿದರೂ ಬೆಳೆಯದ ಮರ ಬೆಳೆದಂತೆ ಕಾಣಬಹುದು. ಅದಕ್ಕಾಗಿ ಒಂದು ಮಳೆಗಾಲ ಬಿಟ್ಟು ಒಂದು ಮಳೆಗಾಲಕ್ಕೆ ಪಟ್ಟೆಗೆ ಹೊಸ ಬಣ್ಣ ಕೊಡುತ್ತಿದ್ದೇವೆ. ಸುತ್ತಳತೆಯ ಪುಸ್ತಕದಲ್ಲಿ ಈಗ ಇನ್ನೊಂದು ಕಲಮು ಸೇರಿದೆ: ಸೊಪ್ಪು ಕಡಿದ ವರ್ಷ. ಅದನ್ನು ತುಂಬುವ ಕೆಲಸವನ್ನು ಆ ಹಿರಿಯರಿಗೇ ವಹಿಸಿದ್ದೇವೆ.