‘ನೈಸ್’ ಕಲಿಸಲು ಒಂದು ವಾರ: ನನ್ನ ಅನುಭವ

ಒಂದು ಗುಣವಾಚಕಕ್ಕೆ ಇಡೀ ವಾರ ಕೊಡುತ್ತೇನೆ ಅಂದಾಗ ಜೊತೆಯ ಮೇಷ್ಟ್ರುಗಳು ಒಪ್ಪಲಿಲ್ಲ. ‘ನೈಸ್ ಅಂದ್ರೆ ಚೆನ್ನಾಗಿರೋದು, ಅಷ್ಟೇ ಅಲ್ವಾ?’ ಎಂದರು. ಈಗ ಅವರಲ್ಲೇ ಇಬ್ಬರು ನನ್ನ ನೋಟ್ಸ್ ಕೇಳಿ ಪಡೆದಿದ್ದಾರೆ.

ಧಾರವಾಡದಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊದಲು ಎಲ್ಲರಂತೆ ಪಟ್ಟಿ ಬಾಯಿಪಾಠ ಮಾಡಿಸಿದೆ. ಹದಿನೈದು ದಿನಕ್ಕೆಲ್ಲ ಮರೆತರು. ಆಮೇಲೆ ಬಣ್ಣದ ಕಾರ್ಡ್ ಪ್ರಿಂಟ್ ಹಾಕಿಸಿದೆ, ನಾಲ್ಕು ಸಾವಿರದಷ್ಟು ಖರ್ಚು. ಒಂದು ಆ್ಯಪ್‌ಗೆ ಮತ್ತೆ ಎರಡು ಸಾವಿರ ಹೋಯಿತು. ಆದರೂ ‘ಎ ನೈಸ್ ಡಿಸ್ಟಿಂಕ್ಷನ್’ ಎಂದು ಕೊಟ್ಟರೆ, ಮುಕ್ಕಾಲು ಜನ ‘ಒಳ್ಳೆ ಡಿಸ್ಟಿಂಕ್ಷನ್ ಮಾರ್ಕ್ಸ್’ ಎಂದೇ ಬರೆದರು! ಅದರ ಸರಿಯಾದ ಅರ್ಥ ನವಿರಾದ, ಸೂಕ್ಷ್ಮ ವ್ಯತ್ಯಾಸ.

ಆಗ ಪದದ ಹುಟ್ಟಿನಿಂದಲೇ ಶುರು ಮಾಡಿದೆ. ಲ್ಯಾಟಿನ್ನಿನಲ್ಲಿ ‘ನೆಸ್ಕಿಯಸ್’ ಅಂದರೆ ಏನೂ ತಿಳಿಯದವನು. ‘ನೆ’ ಅಂದರೆ ಇಲ್ಲ, ‘ಸ್ಕಿರೆ’ ಅಂದರೆ ತಿಳಿ. ಸೈನ್ಸ್ ಹುಟ್ಟಿದ್ದೂ ಈ ‘ಸ್ಕಿರೆ’ಯಿಂದಲೇ. ಹಳೆಯ ಫ್ರೆಂಚ್ ದಾಟಿ, 1300ರ ಸುಮಾರಿಗೆ ನೈಸ್ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ‘ಪೆದ್ದ’. ಬರಬರುತ್ತಾ ‘ಎಲ್ಲದಕ್ಕೂ ತಕರಾರು ಮಾಡುವವನು’ ಎಂದಾಯಿತು. ಆಮೇಲೆ ‘ಕರಾರುವಾಕ್ಕಾದ, ಸೂಕ್ಷ್ಮವಾದ’. ‘ಹಿತವಾದ’ ಅನ್ನುವ ಇವತ್ತಿನ ಅರ್ಥ ಬಂದಿದ್ದು 18ನೇ ಶತಮಾನದಲ್ಲಿ.

ಇಷ್ಟು ಹೇಳಿ, ‘ಹಿಟ್ಟು ನೈಸಾಗಿ ರುಬ್ಬು ಅಂತ ಅಮ್ಮ ಹೇಳಲ್ವಾ?’ ಎಂದು ಕೇಳಿದೆ. ಇಂಗ್ಲಿಷಿನವರು ಹಿಟ್ಟಿಗೆ ಹಾಗೆ ಹೇಳುವುದಿಲ್ಲ. ಆದರೆ ನಮ್ಮ ಬಾಯಲ್ಲಿ ಆ ‘ನವಿರು’ ಉಳಿದಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಟ್ಟನೆ, ‘ಹಾಗಾದ್ರೆ ನೈಸ್ ಡಿಸ್ಟಿಂಕ್ಷನ್ ಅಂದ್ರೆ ಅಷ್ಟು ಸಣ್ಣ ವ್ಯತ್ಯಾಸ’ ಎಂದಳು. ನನಗೆ ಬೇಕಾಗಿದ್ದು ಇದೇ. ‘ನೈಸ್ ಮಾಡ್ಬೇಡ’, ‘ನೈಸಾಗಿ ಜಾರಿಕೊಂಡ’ ಎಂಬುದನ್ನೂ ಬೋರ್ಡಿನ ಮೇಲೆ ಬರೆದೆವು. ಅವು ಕನ್ನಡದವೇ ಆದ ಬಳಕೆ, ಇಂಗ್ಲಿಷ್ ಉತ್ತರದಲ್ಲಿ ನುಸುಳಬಾರದು ಎಂದು ಎಚ್ಚರಿಸಿದೆ.

ಸುಮ್ನೆ ‘ಸಿಲ್ಲಿ’ಯನ್ನೂ ಹೀಗೇ ಕಲಿಸಿ ನೋಡಿದೆ. ಅದು ಉಲ್ಟಾ ದಾರಿ. ಹಳೆಯ ಇಂಗ್ಲಿಷಿನಲ್ಲಿ ‘ಸುಖಿ, ಧನ್ಯ’ ಎಂದಿದ್ದ ಪದ ಜಾರುತ್ತಾ ಬಂದು ‘ಪೆದ್ದ’ ಆಯಿತು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಎರಡೂ ನೆನಪಿರುತ್ತವೆ. ‘ಸಿನ್ಸಿಯರ್’ ಮಾತ್ರ ಹುಷಾರು. ‘ಮೇಣವಿಲ್ಲದ’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಅದು ಹುಟ್ಟಿತು ಅನ್ನುವ ಕಥೆ ಚೆಂದ, ಆದರೆ ಸುಳ್ಳು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಶುದ್ಧ, ಅಷ್ಟೇ.

ತಿಂಗಳ ನಂತರ ಹೇಳದೆ ಟೆಸ್ಟ್ ಕೊಟ್ಟೆ. ಹಿಂದೆ ಮೂವತ್ತರಲ್ಲಿ ಐದಾರು ಜನ ಸರಿ ಬರೆಯುತ್ತಿದ್ದರು. ಈ ಸಲ ಇಪ್ಪತ್ತಕ್ಕಿಂತ ಜಾಸ್ತಿ. ಖರ್ಚು ಒಂದು ಸೀಮೆಸುಣ್ಣದ ಡಬ್ಬಿ. ಮೂಲ ಹೇಳುವ ಮೊದಲು ಮೂರು ಪ್ರಶ್ನೆ ಕೇಳುತ್ತೇನೆ. ಅವು ಯಾವುವು ಅನ್ನುವುದು ಸದ್ಯಕ್ಕೆ ನನ್ನ ಬ್ಯಾಚಿಗೆ ಮಾತ್ರ.