ನಾಲ್ಕು ಸ್ವಿಚ್, ಮೂರೇ ಕೇಬಲ್: ಸ್ಟ್ಯಾಕ್ ಕೇಬಲಿಂಗ್‌ನಲ್ಲಿ ನನ್ನ ಅನುಭವ

ಬೆಂಗಳೂರಿನ ಒಂದು ಆಫೀಸಿನ ನೆಟ್‌ವರ್ಕ್ ನನ್ನ ಕೈಗೆ ಬಂದಾಗ ಎರಡನೇ ಮಹಡಿಯ ಹಬ್ ರೂಮಿನಲ್ಲಿ ನಾಲ್ಕು ಸಿಸ್ಕೋ ಕ್ಯಾಟಲಿಸ್ಟ್ 9300 ಸ್ವಿಚ್‌ಗಳ ಒಂದು ಸ್ಟ್ಯಾಕ್ ಇತ್ತು, ಅಂದರೆ ಒಂದಕ್ಕೊಂದು ಕೇಬಲ್ ಹಾಕಿ ಒಂದೇ ಸ್ವಿಚ್ಚಿನಂತೆ ಓಡಿಸುವ ಗುಂಪು. ಎಲ್ಲಾ ದೀಪ ಹಸಿರು. ರ‍್ಯಾಕಿನ ಹಿಂದೆ ಹೋಗಿ ನೋಡಬೇಕು ಅಂತ ಅನ್ನಿಸಲೇ ಇಲ್ಲ, ಅದು ನನ್ನದೇ ತಪ್ಪು.

ಒಂದು ಭಾನುವಾರ ಯುಪಿಎಸ್ ಸರ್ವಿಸ್ ಇತ್ತು. ಎರಡು ಯುಪಿಎಸ್ ಇವೆ, ಒಂದೊಂದಾಗಿ ಆಫ್ ಮಾಡ್ತಾರೆ, ಏನೂ ಆಗಲ್ಲ ಅಂದುಕೊಂಡಿದ್ದೆ. ಮೊದಲನೆಯದನ್ನು ಆಫ್ ಮಾಡಿದ ಕೂಡಲೇ ಅರ್ಧಕ್ಕಿಂತ ಹೆಚ್ಚು ಮಹಡಿಯ ನೆಟ್‌ವರ್ಕ್ ಹೋಯಿತು. ವಿಚಿತ್ರ ಏನೆಂದರೆ ಆ ಕಡೆಯ ಹಲವು ಫೋನ್‌ಗಳಲ್ಲಿ ದೀಪ ಉರಿಯುತ್ತಿತ್ತು, ಕಾಲ್ ಮಾತ್ರ ಹೋಗುತ್ತಿರಲಿಲ್ಲ.

ಆಗ ಹಿಂದೆ ಹೋಗಿ ನೋಡಿದೆ. ಎರಡನೇ ಸ್ವಿಚ್ಚಿನ ಎರಡೂ ಪವರ್ ಸಪ್ಲೈ ಆಫ್ ಆದ ಯುಪಿಎಸ್ಸಿನ ಒಂದೇ ಪಿಡಿಯುಗೆ (ಕರೆಂಟ್ ಹಂಚುವ ಪ್ಲಗ್ ಪಟ್ಟಿ) ಸಿಕ್ಕಿಸಿದ್ದರು, ಹಾಗಾಗಿ ಅದು ಪೂರ್ತಿ ಸತ್ತಿತ್ತು. ಅದೊಂದೇ ಆಗಿದ್ದರೆ ಆ ಸ್ವಿಚ್ಚಿನ 48 ಪೋರ್ಟ್ ಮಾತ್ರ ಹೋಗಬೇಕಿತ್ತು ಅಲ್ವಾ? ಆದರೆ ಸ್ಟ್ಯಾಕ್ ಕೇಬಲ್ ಮೂರೇ ಇದ್ದವು: 1ರಿಂದ 2, 2ರಿಂದ 3, 3ರಿಂದ 4. ನಾಲ್ಕರಿಂದ ಒಂದಕ್ಕೆ ವಾಪಸ್ ಬರುವ ಕೇಬಲ್ಲೇ ಇಲ್ಲ. ನಡುವಿನ 2 ಸತ್ತಾಗ ಸ್ಟ್ಯಾಕ್ ಎರಡು ತುಂಡಾಯಿತು. ಒಂದು ಕಡೆ 1 ಒಂಟಿ, ಇನ್ನೊಂದು ಕಡೆ 3 ಮತ್ತು 4. ಸ್ಟ್ಯಾಂಡ್‌ಬೈ (ಸ್ಟ್ಯಾಕ್ ನಡೆಸುವ ಯಜಮಾನ ಸ್ವಿಚ್ ಹೋದರೆ ಅದರ ಜಾಗಕ್ಕೆ ಬರುವುದು) ಆಗಿದ್ದ 3 ತಾನೇ ಯಜಮಾನ ಅಂದುಕೊಂಡು ಅದೇ ಐಪಿ, ಅದೇ ಕಾನ್ಫಿಗ್ ಹಿಡಿದು ನಿಂತಿತು. ಹೊರಗಿನ ನೆಟ್‌ವರ್ಕಿಗೆ ಹೋಗುವ ಅಪ್‌ಲಿಂಕ್ ಎರಡೂ 1ರಲ್ಲೇ ಇದ್ದುದರಿಂದ ಆ ತುಂಡಿಗೆ ಹೊರದಾರಿಯೇ ಇರಲಿಲ್ಲ.

ನಾಲ್ಕನೇ ಕೇಬಲ್ ಯಾಕೆ ಬಿಟ್ಟಿದ್ದರು ಅಂತ ಅಳೆದು ನೋಡಿದ ಮೇಲೆ ಗೊತ್ತಾಯಿತು. ನಮ್ಮ ರ‍್ಯಾಕಿನಲ್ಲಿ ಸ್ವಿಚ್‌ಗಳ ನಡುವೆ ಪ್ಯಾಚ್ ಪ್ಯಾನೆಲ್, ಕೇಬಲ್ ಮ್ಯಾನೇಜರ್ ಇವೆ, ಅಂದರೆ ಮೇಲಿನ ಸ್ವಿಚ್ಚಿನಿಂದ ಕೆಳಗಿನದಕ್ಕೆ 9 ಯು (ರ‍್ಯಾಕಿನ ಎತ್ತರದ ಅಳತೆ), ಸುಮಾರು 40 ಸೆಂ.ಮೀ. ಕೈಯಲ್ಲಿದ್ದದ್ದು 50 ಸೆಂ.ಮೀ. ಕೇಬಲ್. ಆ ದಪ್ಪ ಕೇಬಲ್ ಎರಡೂ ಕಡೆ ಬಾಗಿ ಹೋಗಬೇಕಲ್ಲ, ಮುಟ್ಟಲಿಲ್ಲ. 1 ಮೀಟರ್, 3 ಮೀಟರಿನವೂ ಸಿಗುತ್ತವೆ, ಆರ್ಡರ್ ಮಾಡಿಲ್ಲ ಅಷ್ಟೆ. ಇನ್ನು ಸ್ವಿಚ್‌ಗಳು ಕರೆಂಟ್ ಹಂಚಿಕೊಳ್ಳುವ ಸ್ಟ್ಯಾಕ್‌ಪವರ್ ಕೇಬಲ್‌ಗಳು? ರ‍್ಯಾಕಿನ ತಳದಲ್ಲಿ ಕವರ್ ಕೂಡ ಬಿಚ್ಚದೆ ಬಿದ್ದಿದ್ದವು! ಅವನ್ನು ಹಾಕಿದ್ದರೆ ಎರಡನೇ ಸ್ವಿಚ್ ಪಕ್ಕದವರ ಕರೆಂಟಿನಲ್ಲೇ ಬದುಕುತ್ತಿತ್ತು.

ಮುಂದಿನ ಶನಿವಾರ ರಾತ್ರಿ ಸರಿ ಮಾಡಲು ಕೂತೆ. ಮೊದಲು ಕಾನ್ಫಿಗ್ ಸೇವ್ ಮಾಡಿ ಇನ್ನೊಂದು ಕಡೆ ಕಾಪಿ ಇಟ್ಟುಕೊಂಡೆ. 'ಶೋ ಸ್ವಿಚ್ ಸ್ಟ್ಯಾಕ್-ಪೋರ್ಟ್ಸ್' ಹೊಡೆದರೆ 1 ಮತ್ತು 4ರಲ್ಲಿ ಒಂದೊಂದು ಪೋರ್ಟ್ ಡೌನ್, 'ಶೋ ಸ್ವಿಚ್ ಸ್ಟ್ಯಾಕ್-ರಿಂಗ್ ಸ್ಪೀಡ್' ಹೊಡೆದರೆ ಹಾಫ್, ಅಂದರೆ ಕೇಬಲ್‌ಗಳ ಸುತ್ತು (ರಿಂಗ್) ಪೂರ್ತಿ ಮುಚ್ಚಿಲ್ಲ. ಇಷ್ಟು ದಿನ ಸ್ಟ್ಯಾಕ್ ಇದನ್ನೇ ಹೇಳುತ್ತಿತ್ತು, ಕೇಳಿದವರು ಯಾರೂ ಇರಲಿಲ್ಲ. ಪ್ರತಿ ಸ್ವಿಚ್ಚಿನ ಸ್ಟ್ಯಾಕ್ 1 ಪೋರ್ಟಿನಿಂದ ಕೆಳಗಿನದರ ಸ್ಟ್ಯಾಕ್ 2ಕ್ಕೆ, ಕೊನೆಯದರ 1ರಿಂದ ಮೇಲಿನದರ 2ಕ್ಕೆ. ಒಂದೇ ಕ್ರಮ ಇಟ್ಟರೆ ರಾತ್ರಿ ಎರಡು ಗಂಟೆಗೂ ಕಣ್ಣಿಗೆ ಗೊಂದಲ ಆಗಲ್ಲ. ಹೊಸ 1 ಮೀಟರ್ ಕೇಬಲ್ ಕೂತ ಮೇಲೆ ಹಾಫ್ ಹೋಗಿ ಫುಲ್ ಬಂತು.

ಇಲ್ಲೊಂದು ಎಚ್ಚರಿಕೆ. ಇರುವ ರಿಂಗ್ ಮುಚ್ಚುವುದು ಬೇರೆ, ಹೊಸ ಸ್ವಿಚ್ ಸೇರಿಸುವುದು ಬೇರೆ. ಹೊಸದನ್ನು ಆನ್ ಇರುವಾಗಲೇ ಸಿಕ್ಕಿಸಿದರೆ ಎರಡೂ ಕಡೆಯ ಯಜಮಾನರ ನಡುವೆ ಚುನಾವಣೆ ನಡೆದು, ಸೋತ ಕಡೆ ರೀಲೋಡ್ ಆಗುತ್ತದೆ. ಸೋತದ್ದು ನಿಮ್ಮ ಹಳೇ ಸ್ಟ್ಯಾಕ್ ಆದರೆ ಕಥೆ ಮುಗಿಯಿತು. ಆಫ್ ಮಾಡಿ, ಕೇಬಲ್ ಹಾಕಿ, ಆಮೇಲೆ ಆನ್ ಮಾಡಿ. ನಾನು 1ಕ್ಕೆ ಪ್ರಯಾರಿಟಿ 15, 3ಕ್ಕೆ 14 ಕೊಟ್ಟಿದ್ದೇನೆ, ಜಾಸ್ತಿ ಇರುವುದೇ ಯಜಮಾನ. ಎಲ್ಲವೂ ಡೀಫಾಲ್ಟ್ 1ರಲ್ಲೇ ಇದ್ದರೆ ಮ್ಯಾಕ್ ಅಡ್ರೆಸ್ (ಕಾರ್ಖಾನೆಯಲ್ಲೇ ಹಾಕಿದ ಗುರುತಿನ ಸಂಖ್ಯೆ) ಕಡಿಮೆ ಇರುವುದು ಗೆಲ್ಲುತ್ತದೆ, ಅದನ್ನು ಅದೃಷ್ಟಕ್ಕೆ ಬಿಡೋದು ಯಾಕೆ?

ಸ್ಟ್ಯಾಕ್‌ಪವರ್ ಕೇಬಲ್‌ನಲ್ಲಿ ಒಂದು ತುದಿಗೆ ಹಸಿರು ಪಟ್ಟಿ, ಇನ್ನೊಂದಕ್ಕೆ ಹಳದಿ. ಸ್ವಿಚ್ಚಿನಿಂದ ಸ್ವಿಚ್ಚಿಗೆ ಹಸಿರೊಂದು ಕಡೆ, ಹಳದಿಯೊಂದು ಕಡೆ. ಪಕ್ಕಪಕ್ಕದವಕ್ಕೆ 30 ಸೆಂ.ಮೀ. ಸಾಕು, ವಾಪಸ್ ಬರುವುದಕ್ಕೆ 150 ಸೆಂ.ಮೀ. ಬೇಕು. ಆ ಉದ್ದದ ಕೇಬಲನ್ನು ಪವರ್ ಸಪ್ಲೈ ಮುಂದೆ ಅಡ್ಡ ಹಾಯಿಸಬೇಡಿ, ನಾಳೆ ಸಪ್ಲೈ ಎಳೆದು ತೆಗೆಯಬೇಕಾದಾಗ ನಿಮ್ಮನ್ನೇ ಬೈದುಕೊಳ್ಳುತ್ತೀರಿ. ನಾನು ಎಲ್ಲ ಹಾಕಿ 'ಶೋ ಸ್ಟ್ಯಾಕ್-ಪವರ್' ನೋಡಿದರೆ ರಿಂಗ್ ಅಂತ ಬರಲಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ನಾಲ್ಕನೇ ಸ್ವಿಚ್ಚಿನ ಕನೆಕ್ಟರ್ ಕೇಬಲ್ ಭಾರಕ್ಕೆ ವಾಲಿತ್ತು, ಒಂದು ಸ್ಕ್ರೂ ಮಾತ್ರ ಬಿಗಿಯಾಗಿತ್ತು. ಕೈಯಿಂದ ಎತ್ತಿ ಹಿಡಿದು, ಎರಡನ್ನೂ ಸ್ವಲ್ಪ ಸ್ವಲ್ಪ ತಿರುಗಿಸಿ ಕೂರಿಸಿದೆ.

ಆಮೇಲೆ ಲೆಕ್ಕ. ಪವರ್ ಸ್ಟ್ಯಾಕನ್ನು ರಿಡಂಡೆಂಟ್ ಮೋಡಿಗೆ ಹಾಕಿದರೆ ಸಾಕು ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಆ ಮೋಡ್ ಇರುವುದರಲ್ಲಿ ದೊಡ್ಡ ಒಂದು ಸಪ್ಲೈಯಷ್ಟನ್ನು ಮಾತ್ರ ಎತ್ತಿಡುತ್ತದೆ. ನಮ್ಮಲ್ಲಿ 715 ವ್ಯಾಟಿನ 8 ಸಪ್ಲೈ, ಒಟ್ಟು 5720 ವ್ಯಾಟ್, ಮೀಸಲು 715. ಆದರೆ ಯುಪಿಎಸ್ ಹೋದರೆ ಹೋಗುವುದು ಒಂದಲ್ಲ, ನಾಲ್ಕು! ಉಳಿಯುವುದು 2860. ಸ್ವಿಚ್‌ಗಳ ಖರ್ಚು, ಫೋನ್, ಆಕ್ಸೆಸ್ ಪಾಯಿಂಟ್ ಎಲ್ಲ ಸೇರಿ ಅದರೊಳಗೆ ಬರಬೇಕು. ಬರದಿದ್ದರೆ ಮೊದಲು ಲೋ ಪ್ರಯಾರಿಟಿಯ ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟ್ ಕೊಡುವ) ಪೋರ್ಟ್‌ಗಳನ್ನು ಕತ್ತರಿಸುತ್ತದೆ, ಆಮೇಲೆ ಹೈ, ಕೊನೆಗೆ ಸ್ವಿಚ್ಚನ್ನೇ. ನಮ್ಮದು ಆರಾಮಾಗಿ ಹಿಡಿಯಿತು.

ಪವರ್ ಕಾರ್ಡ್‌ಗಳಿಗೆ ಕೆಂಪು, ನೀಲಿ ಟೇಪ್ ಸುತ್ತಿದೆ, ಕೆಂಪು ಒಂದು ಯುಪಿಎಸ್‌ಗೆ, ನೀಲಿ ಇನ್ನೊಂದಕ್ಕೆ, ಪ್ರತಿ ಸ್ವಿಚ್ಚಿಗೂ ಎರಡೂ ಬಣ್ಣ. ಒಂದು ಅಪ್‌ಲಿಂಕ್ ನಾಲ್ಕನೇ ಸ್ವಿಚ್ಚಿಗೆ ಹೋಯಿತು, ಎರಡೂ ಒಂದೇ ಎಲ್‌ಎಸಿಪಿ ಗುಂಪಿನಲ್ಲಿ (ಹಲವು ಲಿಂಕ್ ಸೇರಿಸಿ ಒಂದಾಗಿ ಬಳಸುವ ವಿಧಾನ). ಆಮೇಲೆ ಸಂಪರ್ಕ ಕಡಿಯುತ್ತಾ ಅಂತ ನೋಡಲು ಪಿಂಗ್ ಓಡಿಸಿಟ್ಟು ಒಂದು ಸ್ಟ್ಯಾಕ್ ಕೇಬಲ್ ಕಿತ್ತೆ, ವಾಪಸ್ ಹಾಕಿದೆ. ನಂತರ ಎಲೆಕ್ಟ್ರಿಷಿಯನ್‌ಗೆ ಹೇಳಿ ಕೆಂಪು ಕಡೆ ಪೂರ್ತಿ ಆಫ್ ಮಾಡಿಸಿದೆ.

"ಸರ್, ನಿಜವಾಗ್ಲೂ ಆಫ್ ಮಾಡ್ಲಾ? ಹೋದ್ಸಲ ಬೈದಿದ್ರಿ."

"ಮಾಡಿ ಅಣ್ಣ."

ನಾಲ್ಕೂ ಸ್ವಿಚ್ ಓಡುತ್ತಿದ್ದವು. ನೀಲಿ ಕಡೆಯನ್ನೂ ಹಾಗೇ ನೋಡಿದೆವು.

ಈಗ ಐದನೇ ಸ್ವಿಚ್ ಬಂದಿದೆ. ಡೇಟಾ ಸ್ಟ್ಯಾಕಿನಲ್ಲಿ 8ರವರೆಗೆ ಸೇರಿಸಬಹುದು, ಸ್ಟ್ಯಾಕ್‌ಪವರ್ ರಿಂಗಿನಲ್ಲಿ ಮಾತ್ರ 4ಕ್ಕಿಂತ ಜಾಸ್ತಿ ಆಗಲ್ಲ. ನಾಲ್ಕು ಮತ್ತು ಒಂದು ಮಾಡಿ ಹೊಸದನ್ನು ಒಂಟಿ ಬಿಡುವ ಬದಲು ಮೂರು ಮತ್ತು ಎರಡು ಅಂತ ಭಾಗ ಮಾಡಬೇಕೆಂದಿದ್ದೇನೆ. ಅದಕ್ಕೆ ಇನ್ನೊಂದು ಸ್ಟ್ಯಾಕ್‌ಪವರ್ ಕೇಬಲ್ ಬೇಕು. ಆರ್ಡರ್ ಹಾಕಿದ್ದೇನೆ, ಬರುವವರೆಗೆ ಆ ಸ್ವಿಚ್ ಡಬ್ಬದಲ್ಲೇ ಇರಲಿ.