ಸೋರುವ ಹಾಲಿಗೆ ಹಳೆಯ ಪಂಚೆ: ನನ್ನ ಅನುಭವ

ಬಾಣಂತನದ ವಿಷಯದಲ್ಲಿ ನಮ್ಮ ಮಲೆನಾಡಿನ ಹೆಂಗಸರಿಗೆ ಗೊತ್ತಿಲ್ಲದ್ದು ಕಡಿಮೆ. ಯಾವ ಸೊಪ್ಪು ತಿಂದರೆ ಹಾಲು ಹೆಚ್ಚುತ್ತದೆ, ತಲೆಗೆ ಬಟ್ಟೆ ಹೇಗೆ ಸುತ್ತಬೇಕು, ಹಂಡೆಯ ನೀರು ಎಷ್ಟು ಕಾದಿರಬೇಕು ಎಂಬ ಪಾಠ ನನಗೆ ಬಸುರಿಯಾಗಿದ್ದಾಗಲೇ ಶುರುವಾಗಿತ್ತು. ಹಾಲು ಬಾರದಿದ್ದರೆ ಏನು ಮಾಡಬೇಕೆಂದು ಬಂದವರೆಲ್ಲ ಹೇಳಿದರು. ಬಂದ ಹಾಲು ಮಗು ಬಾಯಿ ಹಾಕುವ ಮೊದಲೇ ತಾನಾಗಿ ಸೋರುತ್ತದೆ, ರವಿಕೆ, ಸೆರಗು, ಹಾಸಿಗೆ ಎಲ್ಲವನ್ನೂ ತೋಯಿಸುತ್ತದೆ ಎಂದು ಮಾತ್ರ ಯಾರೂ ಹೇಳಲಿಲ್ಲ. ನಾಲ್ಕಾರು ಮಕ್ಕಳನ್ನು ಸಾಕಿದ ಆ ಹಿರಿಯರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಕ್ಕಿಲ್ಲ. ನನಗೆ ಅದು ದೊಡ್ಡ ಸಂಗತಿಯಾಯಿತು. ನಾನಾಗ ಅತಿಥಿ ಉಪನ್ಯಾಸಕಿ. ಮಗುವಿಗೆ ಮೂರು ತಿಂಗಳು ತುಂಬುತ್ತಿದ್ದಂತೆ ಕಾಲೇಜಿಗೆ ಮರಳಿ, ತುಂಬಿದ ತರಗತಿಯ ಎದುರು ನಿಂತು ಪಾಠ ಮಾಡಬೇಕಿತ್ತು.

ಮಗಳು ಹುಟ್ಟಿದ್ದು ಮಳೆಗಾಲದಲ್ಲಿ, ಸಾಗರದ ಹತ್ತಿರದ ನನ್ನ ತವರಿನಲ್ಲಿ ಬಾಣಂತನ. ಮೊದಲೆರಡು ದಿನ ಹಳದಿ ಬಣ್ಣದ ಗಿಣ್ಣುಹಾಲು ತೊಟ್ಟು ತೊಟ್ಟಾಗಿ ಬಂತು. ಆಮೇಲೆ ಎದೆ ಕಲ್ಲಿನಂತಾಗಿ, ಹಾಲು ತುಂಬಿ, ಸೋರತೊಡಗಿತು. ಒಂದು ಕಡೆ ಮಗು ಕುಡಿಯುತ್ತಿದ್ದರೆ ಇನ್ನೊಂದು ಕಡೆಯಿಂದ ಧಾರೆ. ಬೆನ್ನಿಗೆ ಬಿಸಿನೀರು ಹೊಯ್ದರೆ ಧಾರೆ. ಮಗು ಪಕ್ಕದ ಕೋಣೆಯಲ್ಲಿ ಸಣ್ಣಗೆ ಕುಸುಗುಟ್ಟಿದರೂ ಎದೆಯೊಳಗೆ ಜುಮ್ಮೆಂದು ಚುಚ್ಚಿದಂತಾಗಿ, ಮರುಕ್ಷಣ ರವಿಕೆ ಒದ್ದೆ.

ಯಾಕೆ ಹೀಗೆಂದು ತಪಾಸಣೆಗೆ ಹೋದಾಗ ವೈದ್ಯೆಯನ್ನು ಕೇಳಿದೆ. ಅವರು ಬಿಡಿಸಿ ಹೇಳಿದ ಮೇಲೆ ನನ್ನ ಅರ್ಧ ಆತಂಕ ಕಳೆಯಿತು. ಮಗು ಚೀಪಿದಾಗ ಆ ಸುದ್ದಿ ನರಗಳ ಮೂಲಕ ಮೆದುಳಿಗೆ ಹೋಗುತ್ತದೆ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಆಕ್ಸಿಟೋಸಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಎದೆಯೊಳಗೆ ಹಾಲು ತುಂಬಿಕೊಂಡಿರುವ ಪುಟ್ಟ ಚೀಲಗಳನ್ನು ಸುತ್ತುವರಿದ ಸ್ನಾಯುಕೋಶಗಳು ಆ ಹಾರ್ಮೋನಿನಿಂದ ಬಿಗಿದುಕೊಂಡು ಹಾಲನ್ನು ನಾಳಗಳಿಗೆ ಇಳಿಸುತ್ತವೆ. ಹಾರ್ಮೋನು ಹರಿಯುವುದು ರಕ್ತದಲ್ಲಾದ್ದರಿಂದ ಎರಡೂ ಎದೆಗಳಿಗೆ ಒಟ್ಟಿಗೇ ತಲುಪುತ್ತದೆ; ಮಗು ಒಂದು ಕಡೆ ಕುಡಿದರೂ ಇನ್ನೊಂದು ಕಡೆ ಸೋರುವುದು ಅದಕ್ಕೇ. ಕೆಲವು ದಿನಗಳಲ್ಲಿ ಮಗುವಿನ ಅಳು, ವಾಸನೆ, ಕೊನೆಗೆ ಮಗುವಿನ ನೆನಪಾದರೂ ಸಾಕು, ಮೈ ತಾನಾಗಿ ಹಾಲಿಳಿಸಲು ಕಲಿಯುತ್ತದೆ. ಸೋರುವುದು ರೋಗವಲ್ಲ, ಹಾಲಿಳಿಯುವ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದರ ಗುರುತು ಎಂದರು. ಮಗುವಿಗೆ ಎಷ್ಟು ಬೇಕೆಂಬ ಲೆಕ್ಕ ಮೈಗೆ ಹತ್ತಲು ಸಾಮಾನ್ಯವಾಗಿ ಆರು ವಾರದಿಂದ ಮೂರು ತಿಂಗಳು ಬೇಕಂತೆ. ಆಮೇಲೆ ಸೋರುವುದು ಕಡಿಮೆಯಾಗುತ್ತದೆ, ಕೆಲವರಿಗೆ ಇನ್ನೂ ತಡವಾಗುತ್ತದೆ. ನಾನು ತಡವಾದವರ ಪೈಕಿ.

ನೋಡಲು ಬಂದವರು ಒಂದು ಉಪಾಯ ಹೇಳುತ್ತಿದ್ದರು: ಹೊರಗೆ ಹೊರಡುವ ಮೊದಲು ಪೂರ್ತಿ ಹಿಂಡಿ ಖಾಲಿ ಮಾಡಿಬಿಡು, ಆಮೇಲೆ ಸೋರಲು ಏನೂ ಇರುವುದಿಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಎದೆಹಾಲು ಒರತೆಯ ಬಾವಿಯಂತೆ, ಸೇದಿದಷ್ಟೂ ಊರುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ತೆಗೆದರೆ ಅಷ್ಟೂ ಬೇಕೆಂದು ಮೈ ತಿಳಿಯುತ್ತದೆ, ನಾಳೆ ಇನ್ನಷ್ಟು ಸೋರುತ್ತದೆ. ಎದೆ ಬಿಗಿದು ನೋಯುತ್ತಿದ್ದರೆ ಬಿಗಿತ ಸಡಿಲವಾಗುವಷ್ಟು ಮಾತ್ರ ಕೈಯಿಂದ ಹಿಂಡಿ ನಿಲ್ಲಿಸುತ್ತಿದ್ದೆ. ಹೊರಡುವ ಮೊದಲು ಮಗುವಿಗೆ ಹೊಟ್ಟೆ ತುಂಬ ಕುಡಿಸುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಗಲಿಲ್ಲ.

ಇನ್ನೊಂದು ಸಲಹೆ ಬಿಗಿಯಾಗಿ ಕಟ್ಟಿಕೊಳ್ಳುವುದು. ಅದನ್ನು ತಡೆದವರು ನನ್ನ ದೊಡ್ಡಮ್ಮ. "ಹೊಟ್ಟೆಗೆ ಬೇಕಾದರೆ ಬಟ್ಟೆ ಕಟ್ಟಿಕೋ ಕೂಸೇ, ಎದೆಗೆ ಕಟ್ಟಬೇಡ. ಹಾಲು ಕಟ್ಟಿದರೆ ಜ್ವರ ಬರುತ್ತದೆ" ಎಂದರು. ಅವರ ಮಾತೇ ಸರಿ. ಬಿಗಿಯಾದ ಒಳ ಉಡುಪು, ಎದೆಯ ಸುತ್ತ ಸುತ್ತಿದ ಬಟ್ಟೆ, ಕೆಳಗೆ ತಂತಿ ಇರುವ ಬ್ರಾ, ಇವೆಲ್ಲ ಹಾಲಿನ ನಾಳಗಳನ್ನು ಒತ್ತಿ ಗಂಟು ಕಟ್ಟಿಸಬಹುದು, ಅಲ್ಲಿ ಬಾವು ಬರಲೂಬಹುದು. ದೊಡ್ಡಮ್ಮ ಹೇಳಿದ್ದೆಲ್ಲವನ್ನೂ ನಾನು ಪಾಲಿಸಲಿಲ್ಲ. ಹಾಲು ಸೋರುವುದನ್ನು ಕಂಡರೆ ದೃಷ್ಟಿಯಾಗುತ್ತದೆ ಎನ್ನುತ್ತಿದ್ದರು. ಸೆರಗು ಹೊದ್ದುಕೊಳ್ಳುತ್ತಿದ್ದೆ, ಅವರ ಸಮಾಧಾನಕ್ಕೆ.

ಈಗ ಬಟ್ಟೆಯ ವಿಷಯ. ಇದನ್ನು ವಿವರವಾಗಿಯೇ ಹೇಳಬೇಕು, ನನ್ನನ್ನು ಉಳಿಸಿದ್ದು ಇದೇ.

ಸೋರುವ ಹಾಲನ್ನು ಹೀರಲು ರವಿಕೆಯೊಳಗೆ ಇಟ್ಟುಕೊಳ್ಳುವ, ಒಮ್ಮೆ ಬಳಸಿ ಎಸೆಯುವ ನರ್ಸಿಂಗ್ ಪ್ಯಾಡ್‌ಗಳು ಪೇಟೆಯಲ್ಲಿ ಸಿಗುತ್ತವೆ. ದೂರದ ಪ್ರಯಾಣಕ್ಕೆ, ಮದುವೆ ಮನೆಗೆ ಅವು ಅನುಕೂಲ. ಆದರೆ ಹಲವು ಪ್ಯಾಡ್‌ಗಳ ಹಿಂಬದಿಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಹೊರಗಿನ ಬಟ್ಟೆ ಒಣಗಿರುತ್ತದೆ, ಒಳಗೆ ಮೊಲೆತೊಟ್ಟು ಗಂಟೆಗಟ್ಟಲೆ ತೇವದಲ್ಲೇ ಇರುತ್ತದೆ. ನಮ್ಮ ಸೆಕೆಯಲ್ಲಿ ಅದು ಒಡಕಿಗೂ ಬೂಸ್ಟಿನ ಸೋಂಕಿಗೂ ದಾರಿ. ದಿನನಿತ್ಯಕ್ಕೆ ಅಮ್ಮ ಮತ್ತು ನಾನು ಅಪ್ಪನ ಹಳೆಯ ಪಂಚೆಗಳನ್ನು ಹರಿದು ಹೊಲಿದೆವು. ವರ್ಷಗಟ್ಟಲೆ ಒಗೆದು ಮೆತ್ತಗಾದ ಹತ್ತಿಯಷ್ಟು ನೀರು ಹೀರುವ ಬಟ್ಟೆ ಹೊಸದರಲ್ಲಿ ಇಲ್ಲ. ಗಂಜಿ ಹಾಕಿದ್ದರೆ ಮೊದಲು ನೆನೆಸಿ ತೆಗೆಯಬೇಕು. ಅಂಗೈ ಅಗಲದ, ಅಂದರೆ ಸುಮಾರು 12 ಸೆಂಟಿಮೀಟರ್ ಅಡ್ಡಳತೆಯ ಬಿಲ್ಲೆಗಳು. ಮೈಗೆ ತಾಗುವ ಕಡೆ ಪಂಚೆಯ ಎರಡು ಪದರ, ನಡುವೆ ಮಗುವಿನ ಫ್ಲಾನೆಲ್ ಬಟ್ಟೆಯ ಒಂದು ಪದರ, ಹೊರಗೆ ಮತ್ತೆ ಪಂಚೆಯ ಎರಡು ಪದರ. ಒಂದು ಕಡೆ ಅಂಚಿನಿಂದ ನಡುವಿನವರೆಗೆ ಸಣ್ಣ ನೆರಿಗೆ ಹಿಡಿದು ಹೊಲಿದರೆ ಬಿಲ್ಲೆ ಬಟ್ಟಲಿನ ಆಕಾರಕ್ಕೆ ಬರುತ್ತದೆ, ರವಿಕೆಯೊಳಗೆ ಮಡಚಿಕೊಳ್ಳುವುದಿಲ್ಲ. ಹೊಲಿಗೆಯ ಗಂಟು ತೊಟ್ಟಿಗೆ ತಾಗದಂತೆ ಹೊರಬದಿಗಿರಬೇಕು. ಒಂದೆರಡು ಜೊತೆ ಸಾಲುವುದಿಲ್ಲ. ಒದ್ದೆಯಾದ ಕೂಡಲೇ ಬದಲಿಸುವುದರಲ್ಲೇ ಇದರ ಗುಟ್ಟು ಇರುವುದರಿಂದ, ಒಗೆಯಲು ಹಾಕಿದವು, ಒಣಗುತ್ತಿರುವವು, ಕೈಗೆ ಸಿಗುವವು ಎಂದು ಮೂರು ಸರದಿಗೆ ಬೇಕು.

ಒಗೆಯುವಾಗ ಮೊದಲು ತಣ್ಣೀರಿನಲ್ಲಿ ಅದ್ದಿ ಹಿಂಡಬೇಕು. ನೇರವಾಗಿ ಬಿಸಿನೀರಿಗೆ ಹಾಕಿದರೆ ಹಾಲಿನ ಪ್ರೋಟೀನ್ ಗಟ್ಟಿಯಾಗಿ ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ಹುಳಿ ವಾಸನೆ ಹೋಗುವುದಿಲ್ಲ. ಆಮೇಲೆ ಸಾಬೂನು, ಆಮೇಲೆ ಬಿಸಿನೀರು. ಮೃದುವಾಗಲೆಂದು ಹಾಕುವ ಸುವಾಸನೆಯ ದ್ರವ ಬೇಡ, ಬಟ್ಟೆ ಹೀರುವುದನ್ನೇ ಬಿಡುತ್ತದೆ. ಒಣಗಿಸಲು ಬಿಸಿಲಿಗಿಂತ ಒಳ್ಳೆಯದಿಲ್ಲ, ಆದರೆ ಆಷಾಢದ ಮಲೆನಾಡಿನಲ್ಲಿ ಬಿಸಿಲು ಎಲ್ಲಿಂದ ತರುವುದು? ಬಚ್ಚಲ ಒಲೆಯ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ, ಮಗುವಿನ ಬಟ್ಟೆಗಳ ಜೊತೆಗೇ ಅವನ್ನೂ ಹರಡುತ್ತಿದ್ದೆವು. ಅದೂ ಆಗದ ದಿನ ಇಸ್ತ್ರಿ ಪೆಟ್ಟಿಗೆ. ಅರೆಬರೆ ಒಣಗಿದ್ದನ್ನು ಎಂದೂ ಹಾಕಿಕೊಳ್ಳುತ್ತಿರಲಿಲ್ಲ.

ರಾತ್ರಿಯ ಪಾಡು ಬೇರೆ. ಮಗು ಒಮ್ಮೆಗೆ ಹೆಚ್ಚು ಹೊತ್ತು ಮಲಗಲು ಶುರು ಮಾಡಿದಾಗ ಬಿಲ್ಲೆಗಳಿಂದ ಏನೂ ಆಗುತ್ತಿರಲಿಲ್ಲ. ರಬ್ಬರ್ ಹಾಳೆಯ ಮೇಲೆ ದಪ್ಪ ಟವೆಲ್ ಹಾಸಿ, ಸಡಿಲವಾದ ಹತ್ತಿ ಒಳ ಉಡುಪಿನಲ್ಲಿ ಮಡಚಿದ ಬಟ್ಟೆ ಇಟ್ಟು, ಕೈಯಳತೆಯಲ್ಲಿ ಇನ್ನೊಂದು ನೈಟಿ ಇಟ್ಟುಕೊಂಡು ಮಲಗುತ್ತಿದ್ದೆ. ಹಗಲಲ್ಲಿ ಮನೆಯಲ್ಲಿರುವಾಗ ಸ್ವಲ್ಪ ಹೊತ್ತು ಏನನ್ನೂ ಇಡದೆ ಗಾಳಿಯಾಡಲು ಬಿಡುತ್ತಿದ್ದೆ. ಕುಡಿಸಿದ ಮೇಲೆ ಒಂದೆರಡು ಹನಿ ಹಾಲನ್ನೇ ತೊಟ್ಟಿಗೆ ಸವರಿ ಆರಿಸಿಕೊಳ್ಳುತ್ತಿದ್ದೆ.

ಮಗು ಕುಡಿಯುವಾಗ ಇನ್ನೊಂದು ಕಡೆ ಸೋರುವ ಹಾಲನ್ನು ತೊಳೆದು ನೀರಿನಲ್ಲಿ ಕುದಿಸಿದ ಸ್ಟೀಲ್ ಬಟ್ಟಲಿನಲ್ಲಿ ಹಿಡಿಯಬಹುದು. ಹೀಗೆ ತಾನಾಗಿ ತೊಟ್ಟಿಕ್ಕಿದ ಹಾಲಿನಲ್ಲಿ ಕೊಬ್ಬಿನಂಶ ಕಡಿಮೆ ಇರುವುದರಿಂದ ಅದನ್ನೇ ನೆಚ್ಚಿಕೊಳ್ಳುವಂತಿಲ್ಲ. ಕೈಯಿಂದ ಹಿಂಡಿದ್ದರ ಜೊತೆಗೆ ಸೇರಿಸಿ, ನಾನಿಲ್ಲದ ಹೊತ್ತಿಗೆ ಅಮ್ಮ ಒಳಲೆಯಲ್ಲಿ ಕುಡಿಸುತ್ತಿದ್ದರು. 25 ಡಿಗ್ರಿ ಸೆಲ್ಸಿಯಸ್ ಒಳಗಿನ ತಂಪಿನಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇಡಬಹುದು ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮೂರಿನ ಕರೆಂಟನ್ನು ನಂಬಲಾಗದೆ ನಾನು ಮರುದಿನಕ್ಕೆ ಉಳಿಸುತ್ತಿರಲಿಲ್ಲ. ಆ ಹಾಲನ್ನು ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನು ಇಟ್ಟು ತಣುಪು ಕಳೆದರೆ ಸಾಕು. ನಮ್ಮ ಮನೆಯಲ್ಲಿ ಉಳಿದ ಎದೆಹಾಲನ್ನು ತುಳಿಯುವ ಕಡೆ ಚೆಲ್ಲುವುದಿಲ್ಲ, ಗಿಡದ ಬುಡಕ್ಕೆ ಹಾಕುತ್ತಾರೆ. ನಗರದಲ್ಲಿದ್ದಿದ್ದರೆ ದಾನ ಕೊಡುತ್ತಿದ್ದೆನೇನೋ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲೇ ಎದೆಹಾಲಿನ ಬ್ಯಾಂಕ್ ಶುರುವಾಗಿದೆ, ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಇದೆ. ತೂಕ ಕಡಿಮೆಯಿರುವ, ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಆ ಹಾಲು ಜೀವ.

ಕಾಲೇಜು ಶುರುವಾದ ಮೇಲೆ ಉಡುಪಿನ ಲೆಕ್ಕವೇ ಬದಲಾಯಿತು. ತಿಳಿನೀಲಿ, ಬೂದು ಬಣ್ಣದ ಸಾದಾ ಬಟ್ಟೆಯಲ್ಲಿ ಒಂದು ಹನಿಯೂ ಎದ್ದು ಕಾಣುತ್ತದೆ. ತುಂಬ ಚಿತ್ತಾರವಿರುವ, ಗಾಢ ಬಣ್ಣದ ಹತ್ತಿ ಬಟ್ಟೆಯಲ್ಲಿ ಕಾಣುವುದಿಲ್ಲ. ಸೀರೆಯೇ ಎಲ್ಲಕ್ಕಿಂತ ಅನುಕೂಲವೆನಿಸಿತು: ಸೆರಗಿನ ನೆರಿಗೆಗಳು ಎದೆಯ ಮೇಲೆ ಪದರ ಪದರವಾಗಿ ಬರುತ್ತವೆ. ರವಿಕೆಗೆ ಒಳಗೆ ಹತ್ತಿಯ ಲೈನಿಂಗ್ ಹಾಕಿಸಿದೆ. ಚೀಲದಲ್ಲಿ ಬಿಲ್ಲೆಗಳು, ಒದ್ದೆಯಾದವನ್ನು ಹಾಕಲು ಪ್ಲಾಸ್ಟಿಕ್ ಚೀಲ, ಇನ್ನೊಂದು ರವಿಕೆ, ಒಂದು ಶಾಲು. ಶಾಲು ಸೇರಿದ್ದು ಒಬ್ಬ ವಿದ್ಯಾರ್ಥಿನಿಯಿಂದ. ತರಗತಿ ಮುಗಿದಾಗ ಹತ್ತಿರ ಬಂದು, "ಮೇಡಂ, ಇದನ್ನು ಹೊದ್ದುಕೊಂಡು ಹೋಗಿ, ನಾಳೆ ಕೊಡಿ" ಎಂದು ತನ್ನ ದುಪಟ್ಟಾ ಕೈಗಿಟ್ಟು ಹೋದಳು. ಅವಳ ಮನೆಯಲ್ಲೂ ಎಳೆ ಬಾಣಂತಿ ಇದ್ದಳೆಂದು ಆಮೇಲೆ ಗೊತ್ತಾಯಿತು.

ಪಾಠದ ನಡುವೆ ಆ ಜುಮ್ಮೆನ್ನುವ ಅನುಭವ ಬಂದರೆ ಮಾಡಬಹುದಾದ ಕೆಲಸ ಒಂದಿದೆ. ಎರಡೂ ಕೈ ಕಟ್ಟಿಕೊಂಡು, ಮುಂಗೈಯಿಂದ ತೊಟ್ಟುಗಳನ್ನು ಪಕ್ಕೆಲುಬಿನ ಕಡೆಗೆ ನೇರವಾಗಿ ಒತ್ತಿ ಹಿಡಿಯುವುದು. ಸ್ವಲ್ಪ ಹೊತ್ತಿನಲ್ಲಿ ಸೋರುವುದು ನಿಲ್ಲುತ್ತದೆ. ಪುಸ್ತಕವನ್ನು ಎದೆಗವಚಿಕೊಂಡು ನಿಂತರೂ ಅದೇ ಕೆಲಸ. ನೋಡುವವರಿಗೆ ಮೇಷ್ಟರು ಯೋಚಿಸುತ್ತಿದ್ದಾರೆ ಎನ್ನಿಸುತ್ತದೆ, ಅಷ್ಟೇ. ಹೆರಿಗೆಯಾದ ಮೊದಲ ವಾರಗಳಲ್ಲಿ ಮಾತ್ರ ಹೀಗೆ ಪದೇ ಪದೇ ತಡೆಯಬಾರದು, ಹಾಲು ಕಟ್ಟಿಕೊಳ್ಳುವ ಭಯವಿದೆ. ಬಸ್ಸಿನಲ್ಲಿ ಬೇರೆ ಯಾರದೋ ಮಗು ಅತ್ತಾಗಲೆಲ್ಲ ನನಗೆ ಇದೇ ಆಸರೆಯಾಗಿತ್ತು.

ಹೊತ್ತು ಹೊತ್ತಿಗೆ ಹಾಲು ತೆಗೆಯದಿದ್ದರೆ ಎದೆ ಬಿಗಿದು ಸೋರುವುದು ಇನ್ನೂ ಹೆಚ್ಚು. ಅದಕ್ಕೊಂದು ಬಾಗಿಲು ಹಾಕಿಕೊಳ್ಳುವ ಜಾಗ ಬೇಕು, ಶೌಚಾಲಯ ಅಂಥ ಜಾಗವಲ್ಲ. ಪ್ರಾಂಶುಪಾಲರ ಬಳಿ ಹೋಗಿ ನೇರವಾಗಿಯೇ ಕೇಳಿದೆ. ಆಗ ಜಾರಿಯಲ್ಲಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯ 11ನೇ ಕಲಂ ಮಗುವಿಗೆ 15 ತಿಂಗಳಾಗುವವರೆಗೆ ತಾಯಿಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕೊಟ್ಟಿದೆ, ಅದು ಊಟದ ವಿರಾಮಕ್ಕೆ ಹೊರತಾದದ್ದು ಎಂದು ಓದಿಕೊಂಡು ಹೋಗಿದ್ದೆ. ಕಾಯ್ದೆಯ ಮಾತು ಎತ್ತುವ ಮೊದಲೇ ಅವರು ಗ್ರಂಥಾಲಯದ ಹಿಂದಿನ ಕೋಣೆಯ ಕೀಲಿ ಕೊಟ್ಟರು. ಕೇಳುವ ಧೈರ್ಯ ಮಾಡದೆ ಸುಮ್ಮನೆ ನೋವು ತಿನ್ನುವ ಗೆಳತಿಯರು ನನಗೆ ಬಹಳ ಜನ ಗೊತ್ತು. ದಯವಿಟ್ಟು ಕೇಳಿ.

ವೈದ್ಯರನ್ನು ಕಾಣಬೇಕಾದ ಲಕ್ಷಣಗಳು ಬೇರೆ ಇವೆ. ಎದೆಯ ಒಂದು ಭಾಗ ಕೆಂಪಾಗಿ, ಬಿಸಿಯಾಗಿ, ಗಟ್ಟಿಯಾಗಿ ಜ್ವರ ಬಂದರೆ ತಡಮಾಡಬಾರದು, ಹಾಲೂಡಿಸುವುದನ್ನೂ ನಿಲ್ಲಿಸಬಾರದು. ತೊಟ್ಟು ಉರಿಯುತ್ತಿದ್ದು ಮಗುವಿನ ಬಾಯೊಳಗೆ ಬಿಳಿ ಕಲೆಗಳಿದ್ದರೆ ಇಬ್ಬರಿಗೂ ಒಟ್ಟಿಗೆ ಔಷಧಿ ಬೇಕಾಗುತ್ತದೆ.

ಕೊನೆಯದಾಗಿ ನನ್ನ ನಾದಿನಿಯ ವಿಷಯ. ನನ್ನ ಮರುವರ್ಷ ಅವಳಿಗೆ ಮಗುವಾಯಿತು. ಒಂದು ಹನಿಯೂ ಸೋರಲಿಲ್ಲ. ನಾನು ಸೋರುವುದಕ್ಕೆ ಸಂಕಟಪಟ್ಟಂತೆ ಅವಳು ಸೋರದಿರುವುದಕ್ಕೆ ಅತ್ತಳು. ಅತ್ತೆ ಆಗಲೇ ಡಬ್ಬದ ಹಾಲಿನ ಮಾತೆತ್ತಿದ್ದರು. ಸೋರದಿದ್ದರೆ ಹಾಲಿಲ್ಲ ಎಂದರ್ಥವಲ್ಲ. ತೊಟ್ಟಿನ ತುದಿಯ ಸ್ನಾಯು ಕೆಲವರಲ್ಲಿ ಬಿಗಿ, ಕೆಲವರಲ್ಲಿ ಸಡಿಲ. ನೋಡಬೇಕಾದದ್ದು ಮಗುವನ್ನು. ಅವಳ ಮಗ ದಿನಕ್ಕೆ ಆರಕ್ಕಿಂತ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದ್ದ, ಪ್ರತಿ ತಪಾಸಣೆಯಲ್ಲೂ ತೂಕ ಏರುತ್ತಿತ್ತು. ತಪಾಸಣೆಯ ಕಾರ್ಡನ್ನು ಅತ್ತೆಯ ಮುಂದಿಟ್ಟು ಓದಿ ಹೇಳಿದೆ. ಡಬ್ಬ ತರಲಿಲ್ಲ.